ಕಾಜಕ್ಕ ಕಟ್ಟಿದ ಕಂಪ್ಯೂಟರ್

ಬಳೆ ಮಾಡಿಸಿಕೊಳ್ಳಲೆಂದು ಮೂರು ವರ್ಷ ಕೂಡಿಟ್ಟ ನಲವತ್ತೈದು ಸಾವಿರದಲ್ಲಿ ಒಂದು ಕಂಪ್ಯೂಟರ್ ತಗೊಳ್ಳುತ್ತೇನೆ ಎಂದು ಕಾಜಕ್ಕ ಹೇಳಿದಾಗ, ಅವಳ ತಮ್ಮ ಬಾಯಿಯ ಹತ್ತಿರ ಒಯ್ದ ಚಹಾದ ಲೋಟವನ್ನು ಹಾಗೇ ಹಿಡಿದು ಕೂತುಬಿಟ್ಟ.

"ಯಾರಿಗೆ?" ಎಂದ ಕೊನೆಗೆ.

"ನಂಗೆ."

"ನಿಂಗೆ ಅಂದ್ರೆ, ಅಂಗಡಿ ಬಿಲ್ಲು ಗಿಲ್ಲು ಬರೆಯೋಕಾ?"

"ಅಲ್ಲ ಕಣೋ. ಕಾರು ಓಡಿಸೋಕೆ."

ತಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಕ್ಕನಿಗೆ ಐವತ್ತೆರಡು ದಾಟಿತ್ತು. ಅವಳು ತಮಾಷೆಗೆ ಏನನ್ನೂ ಹೇಳುವವಳಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಕಾಜಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಸುತ್ತಮುತ್ತಲಿನ ಹನ್ನೊಂದು ಟೈಲರ್ ಅಂಗಡಿಗಳ ಶರ್ಟು, ಕೋಟು, ಪ್ಯಾಂಟುಗಳು ಹೊಲಿಗೆ ಮುಗಿದ ಮೇಲೆ ಗುಂಡಿ ತೂರುವ ಕಾಜಾ ಹಾಕಿಸಿಕೊಳ್ಳಲು ಅವಳ ಬಳಿಗೇ ಬರುತ್ತಿದ್ದವು. ತಮ್ಮನ ಸಂಸಾರ ಮಹಡಿಯ ಮೇಲೆ. ಕೆಳಗೆ, ಬೀದಿಯಿಂದ ಮೂರು ಮೆಟ್ಟಿಲು ಹತ್ತಿದರೆ ಸಿಗುವ ಮುಂದಿನ ಕೋಣೆ ಅವಳದು. ಎರಡು ಯಂತ್ರ, ಒಂದು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಗುಂಡಿಗಳ ಡಬ್ಬಿಗಳು, ಕಿಟಕಿಯ ಪಕ್ಕ ಒಂದು ಮಂಚ. ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಬಲಗಾಲಿನ ಶಕ್ತಿಯನ್ನೆಲ್ಲ ಹೀರಿಕೊಂಡು ಹೋಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಕೋಲು. ಎಡಗಾಲು ಮಾತ್ರ ಮೂವತ್ತು ವರ್ಷ ಯಂತ್ರ ತುಳಿದು ತುಳಿದು ಉಕ್ಕಿನ ಹಾಗಾಗಿತ್ತು.

ಅವಳು ಬದುಕಿನಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದೆಂದರೆ, "ನಿಧಾನ." ಮೆಟ್ಟಿಲಿಳಿದರೆ ನಿಧಾನ, ರಸ್ತೆ ದಾಟಿದರೆ ನಿಧಾನ, ನೆಲ ಒರೆಸಿದ್ದರೆ ನಿಧಾನ. ತಮ್ಮನಿಗೆ ಅಪ್ಪ ಬೀದಿಯಲ್ಲಿ ಸೈಕಲ್ ಕಲಿಸುವಾಗ ಅವಳು ಮೆಟ್ಟಿಲ ಮೇಲೆ ಕೂತು ಸುತ್ತು ಎಣಿಸುತ್ತಿದ್ದಳು. ಮುಂದೆ ತಮ್ಮ ಸ್ಕೂಟರ್ ತಂದ. ಅವಳು ಹಿಂದಿನ ಸೀಟಿನಲ್ಲಿ ಕೂತಳು. ಅವನ ಭುಜದ ಮೇಲಿಂದ ಕಾಣುವಷ್ಟು ರಸ್ತೆಯೇ ಅವಳ ಪಾಲಿನ ರಸ್ತೆಯಾಯಿತು. ಇದರ ಬಗ್ಗೆ ಅವಳು ಯಾರ ಹತ್ತಿರವೂ ಕೊರಗಿದವಳಲ್ಲ. ಕೈ ತುಂಬ ಕೆಲಸವಿತ್ತು, ಬಾಯಿ ತುಂಬ ಮಾತಿತ್ತು, ಅವಳ ಕಾಜಾದಲ್ಲಿ ಒಂದೆಳೆ ದಾರ ಎದ್ದದ್ದನ್ನು ಕಂಡವರಿರಲಿಲ್ಲ.

ಆ ವರ್ಷ ರಜೆಗೆ ಬಂದ ತಮ್ಮನ ಮಗಳು ಗೆಳತಿಯ ಲ್ಯಾಪ್‌ಟಾಪ್ ತಂದಿದ್ದಳು. ಅವಳಿಗೆ ಮನೆಯಲ್ಲಿ ಚೂಟಿ ಎಂದೇ ಹೆಸರು; ಲ್ಯಾಬ್ ಟೆಕ್ನಿಷಿಯನ್ ಓದುತ್ತಿದ್ದಳು. ಮಧ್ಯಾಹ್ನ ಅತ್ತೆಯ ಮಂಚದ ಮೇಲೆ ಕಾಲು ಚಾಚಿ ಕಾರ್ ರೇಸ್ ಆಡುತ್ತಿದ್ದವಳು, "ಅತ್ತೆ, ನೀವೊಂದು ಸುತ್ತು ಹೊಡೀರಿ" ಎಂದು ಆಟದ ಕಂಟ್ರೋಲರನ್ನು ಅವಳ ಕೈಗೆ ತುರುಕಿದಳು. ಹೆಬ್ಬೆರಳಲ್ಲಿ ತಿರುಗಿಸುವುದು, ತೋರುಬೆರಳಲ್ಲಿ ಒತ್ತಿದರೆ ವೇಗ. ಕಾಲಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಕಾಜಕ್ಕ ಹನ್ನೊಂದು ಸಲ ಗೋಡೆಗೆ ಗುದ್ದಿದಳು. ಹನ್ನೆರಡನೆಯ ಸಲ ಬೆಟ್ಟದ ತಿರುವಿನಲ್ಲಿ ಕಾರು ಮೈ ಬಳುಕಿಸಿ, ಹಿಂಬದಿ ಕೊಂಚ ಜಾರಿ, ಮತ್ತೆ ನೆಟ್ಟಗಾಗಿ ಮುಂದೆ ಚಿಮ್ಮಿತು. ಅವಳು ಮುಂದಿನ ತಿರುವಿಗೆ ಇನ್ನೂ ಜೋರಾಗಿ ಒತ್ತಿದಳು. ಬಾಗಿಲಲ್ಲಿ ಟೈಲರ್ ಒಬ್ಬ ಆರು ಶರ್ಟು ಹಿಡಿದು ನಿಂತಿದ್ದ. "ಅಲ್ಲೇ ಇಟ್ಟು ಹೋಗಿ" ಎಂದಳು, ತಲೆಯೆತ್ತದೆ. ಹಾಗೆ ಹೇಳಿದ್ದು ಅವಳ ಮೂವತ್ತು ವರ್ಷದಲ್ಲಿ ಅದೇ ಮೊದಲು.

ಒಂದೇ ಬೇಜಾರು. ವೇಗ ಹೆಚ್ಚಿದಂತೆ ಚಿತ್ರ ತಪ್ಪಿ ತಪ್ಪಿ ಹೋಗುತ್ತಿತ್ತು, ಸೂಜಿ ಮೊಂಡಾದಾಗ ಹೊಲಿಗೆ ಬಿಟ್ಟು ಬಿಟ್ಟು ಬೀಳುವ ಹಾಗೆ. ಲ್ಯಾಪ್‌ಟಾಪಿನ ಹೊಟ್ಟೆ ಇಸ್ತ್ರಿಪೆಟ್ಟಿಗೆಯಷ್ಟು ಕಾದಿತ್ತು.

"ಇದ್ಯಾಕೆ ಹೀಗೆ ಎಗರುತ್ತೆ?"

"ಇದ್ರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅತ್ತೆ. ಆಟದ ಚಿತ್ರ ಬರೆಯೋಕೆ ಅಂತಾನೇ ಬೇರೆ ಒಂದು ಭಾಗ ಇರತ್ತೆ. ಅದಿದ್ರೆ ಬೆಣ್ಣೆ ಹಾಗೆ ಹೋಗತ್ತೆ."

"ಎಷ್ಟಾಗತ್ತೆ ಅದಕ್ಕೆ?"

ಚೂಟಿ ನಕ್ಕಳು. ಅತ್ತೆ ನಗಲಿಲ್ಲ.

ಚಹಾ ಕುಡಿಯುತ್ತಿದ್ದ ತಮ್ಮನ ಎದುರು ಮಾತು ಬಂದದ್ದು ಅದರ ಮರುದಿನವೇ. ಅವನು ತಲೆ ಚಚ್ಚಿಕೊಂಡ, ಹೆಂಡತಿಯ ಕಡೆ ನೋಡಿದ, ಕೊನೆಗೆ "ಆಯ್ತು, ಸರಿಯಾದ ಕಡೆಯಾದ್ರೂ ತಗೊಳೋಣ" ಎಂದು ಊರಿನ ದೊಡ್ಡ ಷೋರೂಮಿಗೆ ಕರೆದೊಯ್ದ. ಅಲ್ಲಿನ ಮಾರಾಟಗಾರ ಇವರನ್ನು ನೋಡಿದ್ದೇ, "ಮಗನಿಗಾ ಸರ್?" ಎಂದು ತಮ್ಮನ ಕಡೆ ತಿರುಗಿದ. ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಲ್ಲಿಸಿ ಗುಂಡಿ ಒತ್ತಿದ. ಒಳಗೆಲ್ಲ ಕೆಂಪು, ನೀಲಿ, ನೇರಳೆ ಬೆಳಕು ಸುತ್ತತೊಡಗಿತು.

"ಫುಲ್ ಸೆಟ್ ಸರ್. ಐವತ್ತೆಂಟು ಸಾವಿರ, ನಿಮಗೆ ಅಂತ ಐವತ್ತೈದು. ಹದಿನಾರು ತರ ಬಣ್ಣ ಬದಲಾಗುತ್ತೆ."

"ಬಣ್ಣ ಕಾರು ಓಡಿಸುತ್ತಾ ಏನಪ್ಪಾ?" ಎಂದಳು ಕಾಜಕ್ಕ. "ಒಳಗೇನಿದೆ, ಅದನ್ನ ಹೇಳು."

"ಅದೆಲ್ಲ ಟೆಕ್ನಿಕಲ್ ಅಮ್ಮಾ, ನಿಮಗೆ..."

"ಟೆಕ್ನಿಕಲ್ಲೇ ಬೇಕು. ಒಂದು ಚೀಟೀಲಿ ಬರೆದು ಕೊಡು."

ಅವನು ಒಲ್ಲದ ಮನಸ್ಸಿನಿಂದ ಗೀಚಿ ಕೊಟ್ಟ. ಮನೆಯಲ್ಲಿ ಚೂಟಿ ಅದನ್ನು ಓದಿ ಹುಬ್ಬು ಗಂಟಿಕ್ಕಿದಳು. ಕಾರ್ಡು ಏಳು ವರ್ಷ ಹಳೆಯದು. ವಿದ್ಯುತ್ ಕೊಡುವ ಪವರ್ ಸಪ್ಲೈ ಯಾವ ಕಂಪನಿಯದೆಂಬುದೇ ಇಲ್ಲ. ಬೆಲೆಯ ಬಹುಪಾಲು ಗಾಜಿಗೂ ದೀಪಕ್ಕೂ ಹೋಗಿತ್ತು. "ನಂಗೂ ಇಷ್ಟೇ ಗೊತ್ತಿರೋದು ಅತ್ತೆ. ಬಿಡಿಭಾಗ ತಂದು ತಾವೇ ಜೋಡಿಸ್ತಾರಂತೆ ಎಷ್ಟೋ ಜನ. ಆದ್ರೆ ಅದಕ್ಕೆ ತುಂಬ ಓದ್ಬೇಕು."

"ಓದೋಣ. ಮಧ್ಯಾಹ್ನ ಒಂದರಿಂದ ಮೂರು ನಂಗೆ ಬಿಡುವೇ ತಾನೇ."

ಎರಡು ತಿಂಗಳು ಓದಿದಳು. ಫೋನಿನಲ್ಲಿ ವಿಡಿಯೊ ನೋಡುವುದು, ನಿಲ್ಲಿಸುವುದು, ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂಬದಿಯಿಂದ ಬರೆದುಕೊಳ್ಳುವುದು. ಮೊದಮೊದಲು ಒಂದೊಂದು ಪದವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬರಬರುತ್ತ ತನ್ನದೇ ರೀತಿಯಲ್ಲಿ ದಾರಿ ಹಿಡಿದಳು. ಎಲ್ಲರೂ ಪ್ರೊಸೆಸರಿನಿಂದ ಶುರು ಮಾಡಿದರೆ ಅವಳು ಶುರು ಮಾಡಿದ್ದು ಮಾನಿಟರಿನಿಂದ. ತೊಡುವವರ ಮೈ ಅಳೆಯದೆ ಬಟ್ಟೆ ಯಾರು ಕತ್ತರಿಸುತ್ತಾರೆ? ಮಂಚದಿಂದ ಮೇಜಿಗೆ ಟೇಪು ಹಿಡಿದಳು, ಎರಡೂವರೆ ಅಡಿ. ಅಷ್ಟು ಹತ್ತಿರಕ್ಕೆ ಇಪ್ಪತ್ನಾಲ್ಕು ಇಂಚಿನ ಸಾದಾ ಪರದೆ ಸಾಕು. ಆ ಪರದೆಯನ್ನು ತುಂಬಿಸಲು ಎಂಥ ಕಾರ್ಡ್ ಬೇಕೋ ಅಂಥದ್ದು. ಆ ಕಾರ್ಡಿಗೆ ತಡವಿಲ್ಲದೆ ಕೆಲಸ ಒದಗಿಸಲು ಎಷ್ಟು ಚುರುಕಿನ ಪ್ರೊಸೆಸರ್ ಬೇಕೋ ಅಷ್ಟೇ ಚುರುಕಿನದು. ಚಿತ್ರ ತೋರಿಸುವ ಸೌಕರ್ಯ ಒಳಗಿಲ್ಲದ ಪ್ರೊಸೆಸರ್ ಸಾವಿರ ಕಡಿಮೆಗೆ ಸಿಗುತ್ತದೆಂದು ತಿಳಿದು ಅದಕ್ಕೆ ಗುರುತು ಹಾಕಿದಳು. ಕಾರ್ಡ್ ಹೇಗೂ ಇರುತ್ತದಲ್ಲ. ಹದಿನಾರು ಜಿಬಿ ರ‍್ಯಾಮ್ ಒಂದೇ ಪಟ್ಟಿಯಾಗಿ ಬೇಡ, ಎಂಟೆಂಟರ ಜೋಡಿ ಬೇಕು, ಆಗ ಓಟ ಹೆಚ್ಚು. ಪವರ್ ಸಪ್ಲೈನಲ್ಲಿ ಮಾತ್ರ ಒಂದು ಬಿಡಿಗಾಸೂ ಉಳಿಸಬಾರದು. ಅದು ಕೆಟ್ಟರೆ ಉಳಿದವನ್ನೆಲ್ಲ ಸುಟ್ಟು ಕೂರುತ್ತದೆ.

ಪಟ್ಟಿ ಐವತ್ತೊಂದು ಸಾವಿರಕ್ಕೆ ಬಂದು ನಿಂತಿತು. ಅಳಿಸಿದಳು, ಬರೆದಳು, ಐವತ್ತು. ಮತ್ತೆ ಅಳಿಸಿದಳು. ಚೂಟಿಯ ಸಲಹೆಯಂತೆ, ಇಂಥ ಕಂಪ್ಯೂಟರ್ ಕಟ್ಟುವವರ ಒಂದು ಆನ್‌ಲೈನ್ ಗುಂಪಿಗೆ 'ಕಾಜಾ' ಎಂಬ ಹೆಸರಿನಲ್ಲಿ ಸೇರಿ ಪಟ್ಟಿಯನ್ನು ಹಾಕಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಬ್ರೋ, ಮದರ್‌ಬೋರ್ಡ್ ಇಷ್ಟು ದುಬಾರಿದು ಯಾಕೆ? ಕಮ್ಮಿದು ತಗೋ. ಕಾರ್ಡ್ ಸೆಕೆಂಡ್ ಹ್ಯಾಂಡ್ ನೋಡು, ಆದ್ರೆ ಓಡಿಸಿ ನೋಡದೆ ದುಡ್ಡು ಕೊಡ್ಬೇಡ ಬ್ರೋ."

"ಬ್ರೋ ಅಂದ್ರೇನೇ?"

"ಅಣ್ಣಾ ಅಂತ ಅತ್ತೆ."

"ಹೋಗ್ಲಿ ಬಿಡು. ಬುದ್ಧಿ ಮಾತ್ರ ಸರಿಯಾಗೇ ಹೇಳಿದಾನೆ."

ಕಾರ್ಡ್ ಸಿಕ್ಕಿದ್ದು ವಿಡಿಯೊ ಎಡಿಟ್ ಮಾಡುವವನೊಬ್ಬನ ಬಳಿ. ಹೊಸದು ಕೊಂಡಿದ್ದರಿಂದ ಹಳೆಯದನ್ನು ಹದಿಮೂರು ಸಾವಿರಕ್ಕೆ ಮಾರುತ್ತೇನೆ ಎಂದಿದ್ದ. ಅವನ ಸ್ಟುಡಿಯೊ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೂವತ್ತಾರು ಮೆಟ್ಟಿಲನ್ನು ಕಾಜಕ್ಕ ಕೋಲು ಊರುತ್ತ, ನಡುವೆ ಒಂದು ಸಲ ಮಾತ್ರ ನಿಂತು, ಹತ್ತಿದಳು. ಜೊತೆಗಿದ್ದ ತಮ್ಮ "ಫೋಟೊದಲ್ಲೇ ನೋಡಿದ್ರೆ ಆಗ್ತಿರ್ಲಿಲ್ವಾ" ಎಂದು ಗೊಣಗುತ್ತಿದ್ದ.

"ಅರ್ಧ ಗಂಟೆ ಪೂರ್ತಿ ಭಾರ ಹಾಕಿ ಓಡಿಸಿ" ಎಂದಳು ಎಡಿಟರಿಗೆ.

ಅವನು ಓಡಿಸಿದ. ಪರದೆಯ ಮೇಲೆ ಚಿತ್ರ ಸ್ವಚ್ಛವಾಗಿತ್ತು, ಒಂದು ಚುಕ್ಕೆ ಇಲ್ಲ, ಗೆರೆ ಇಲ್ಲ. ಶಾಖದ ಅಂಕಿ ಮೇಲೇರಿ ಒಂದು ಕಡೆ ನಿಂತಿತು. ಕಾಜಕ್ಕ ಪರದೆ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೂತಿದ್ದಳು. ತಮ್ಮ, ಅಕ್ಕನಿಗೆ ನಿದ್ದೆ ಬಂತೇನೋ ಎಂದುಕೊಂಡ.

"ಎರಡು ಫ್ಯಾನಲ್ಲಿ ಎಡಗಡೆದು ಕೆರೀತಿದೆ" ಎಂದಳು ಕಣ್ಣು ತೆರೆದು.

"ಅದು ಮಾಮೂಲಿ ಅಮ್ಮಾ, ಫ್ಯಾನಂದ್ಮೇಲೆ ಸದ್ದಿರುತ್ತೆ."

"ಬಲಗಡೆದಕ್ಕೂ ಇರ್ಬೇಕಿತ್ತಲ್ಲ? ಇದು ಎಣ್ಣೆ ಒಣಗಿದ ಸದ್ದು. ಮೂವತ್ತು ವರ್ಷದಿಂದ ಕೇಳ್ತಾ ಇದೀನಿ."

ಅವನು ಕಿವಿ ಹತ್ತಿರ ತಂದು ಆಲಿಸಿದ. ಆಮೇಲೆ ಕಾಜಕ್ಕನ ಮುಖ ನೋಡಿ ನಕ್ಕುಬಿಟ್ಟ. ಎರಡು ಸಾವಿರ ಇಳಿಸಿದ. ಮನೆಗೆ ಬಂದು ಅವಳು ಫ್ಯಾನ್ ಬಿಚ್ಚಿ, ಬೆನ್ನಿಗಂಟಿದ್ದ ಸ್ಟಿಕ್ಕರನ್ನು ಮೆಲ್ಲಗೆ ಎಬ್ಬಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಒಂದು ತೊಟ್ಟು ಬಿಟ್ಟಳು. ಬೆರಳಲ್ಲಿ ತಿರುಗಿಸಿದರೆ ಫ್ಯಾನ್ ಸದ್ದಿಲ್ಲದೆ ತಿರುಗಿತು.

ಉಳಿದ ಭಾಗಗಳಿಗೆ ಒಂದು ಓಣಿಯ ಸಣ್ಣ ಅಂಗಡಿಗೆ ಹೋದಳು. ಗಲ್ಲಾದ ಹಿಂದೆ ಕೂತಿದ್ದ ದಪ್ಪ ಕನ್ನಡಕದ ಯಜಮಾನ ಅವಳ ಪಟ್ಟಿ ಓದಿ, "ಯಾರು ಮಾಡಿಕೊಟ್ರು?" ಎಂದ. "ನಾನೇ" ಎಂದಳು. ಅವನು ನಂಬಿದ ಹಾಗೆ ಕಾಣಲಿಲ್ಲ. ಅಗ್ಗದ, ಚೊಕ್ಕ ಕ್ಯಾಬಿನೆಟ್ ಒಂದನ್ನು ತಂದಿಟ್ಟ. ಕಾಜಕ್ಕ ಕೊರಳಲ್ಲಿದ್ದ ಟೇಪು ತೆಗೆದು ಅದರ ಹೊಟ್ಟೆಗೆ ಹಿಡಿದಳು.

"ಇದಾಗಲ್ಲ. ನನ್ನ ಕಾರ್ಡ್ ಇಪ್ಪತ್ತೆಂಟು ಸೆಂಟಿಮೀಟರ್. ಇಲ್ಲಿ ಇಪ್ಪತ್ತಾರೇ ಇದೆ."

"ಹಿಡಿಯುತ್ತೆ ಬಿಡೀಮ್ಮಾ, ಎಲ್ಲರೂ ಇದನ್ನೇ ಒಯ್ಯೋದು."

"ಹಿಡಿಯುತ್ತೆ ಅಂತ ಮೂವತ್ತೆಂಟರ ಎದೆಗೆ ಮೂವತ್ತಾರರ ಶರ್ಟು ಕೊಟ್ರೆ ಗುಂಡಿ ನಿಮ್ಮ ಮೂಗಿಗೇ ಹಾರತ್ತೆ."

ಯಜಮಾನ ಗೊಳ್ಳನೆ ನಕ್ಕ. ತಾನೂ ಸ್ಕೇಲು ತಂದು ಅಳೆದ. ಇಪ್ಪತ್ತಾರು. ಕನ್ನಡಕ ಸರಿಪಡಿಸಿಕೊಂಡು ಅವಳ ಪಟ್ಟಿಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದ. ಈ ಸಲ ಓದಿದ ರೀತಿಯೇ ಬೇರೆ. ಒಳಗಿನಿಂದ ಕುರ್ಚಿ ತರಿಸಿ ಕೂರಿಸಿದ. ಸ್ವಲ್ಪ ಉದ್ದದ, ಗಾಜೂ ಇಲ್ಲದ ದೀಪವೂ ಇಲ್ಲದ, ಮುಂಭಾಗದಲ್ಲಿ ಗಾಳಿಗೆ ಜಾಲರಿಯಿದ್ದ ಕರಿ ಕ್ಯಾಬಿನೆಟ್ ತೆಗೆದುಕೊಟ್ಟ. ಎಲ್ಲ ಸೇರಿ ನಲವತ್ತೈದು ಸಾವಿರದೊಳಗೇ ಬಂತು, ಆಟೋದ ದುಡ್ಡೂ ಉಳಿಯಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಜಕ್ಕ ಕತ್ತರಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಭಾಗಗಳನ್ನು ಸಾಲಾಗಿ ಇಟ್ಟಳು. ಚೂಟಿ ಎರಡು ಕಂಟ್ರೋಲರ್ ಹಿಡಿದು ಬಂದಿದ್ದಳು. ತಮ್ಮ ಪೇಪರು ಹಿಡಿದು ಮಂಚದ ಮೇಲೆ ಕೂತ. ಒಂದು ಪುಟವೂ ತಿರುವಲಿಲ್ಲ. ಪ್ರೊಸೆಸರಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಚಿನ್ನದ ಬಣ್ಣದ ಮುಳ್ಳುಗಳು, ಒಂದು ಬಾಗಿದರೂ ಕೆಲಸ ಕೆಟ್ಟಿತು. ಚೂಟಿ ಅದನ್ನು ಮುಟ್ಟಲೇ ಹೆದರಿದಳು. ಕಾಜಕ್ಕ ಮೂಲೆಯ ಗುರುತು ನೋಡಿ, ಅಂಚು ಹಿಡಿದು, ಎಲ್ಲ ಭಾಗಗಳನ್ನೂ ಹೊರುವ ಬೋರ್ಡಿನ ಮೇಲೆ, ಒತ್ತದೆ, ಸುಮ್ಮನೆ ಇಟ್ಟಳು. ಅದು ತನ್ನಷ್ಟಕ್ಕೆ ಒಳಗಿಳಿದು ಕೂತಿತು. ಹನ್ನೊಂದೂವರೆಗೆ ಕೊನೆಯ ತಿರುಪು ಬಿಗಿಯಾಯಿತು. ಗುಂಡಿ ಒತ್ತಿದಳು.

ಫ್ಯಾನುಗಳು ತಿರುಗಿದವು. ಪರದೆ ಕಪ್ಪಗೇ ಉಳಿಯಿತು.

ಒಂದು ನಿಮಿಷ, ಎರಡು ನಿಮಿಷ. ಆರಿಸಿ ಮತ್ತೆ ಹಾಕಿದಳು. ಕಪ್ಪು.

"ಹೋಯ್ತಾ?" ಎಂದ ತಮ್ಮ. ಧ್ವನಿಯಲ್ಲಿ ಚುಚ್ಚು ಇರಲಿಲ್ಲ, ಮರುಕವಿತ್ತು. ಕಾಜಕ್ಕನಿಗೆ ಅದೇ ಹೆಚ್ಚು ಚುಚ್ಚಿತು. "ಅಕ್ಕಾ, ಷೋರೂಮಿಂದು ತಂದಿದ್ರೆ ಅವರೇ ಬಂದು ನೋಡ್ತಿದ್ರು. ಬಿಡು, ಯಾರನ್ನಾದ್ರೂ ಕರೆಸೋಣ."

ಮೂರು ವರ್ಷದ ಬಳೆ ಕಣ್ಣ ಮುಂದೆ ಕರಗಿ ಹೋದ ಹಾಗೆನಿಸಿತು. ಆದರೂ, "ಯಾರನ್ನೂ ಕರೆಸಬೇಡ" ಎಂದಳು. "ಯಂತ್ರ ಹೊಲೀಲಿಲ್ಲ ಅಂದ್ರೆ ಎಲ್ಲ ಬಿಚ್ಚಲ್ಲ. ಸೂಜಿಯಿಂದ ಹಿಂದಕ್ಕೆ ದಾರ ಹಿಡಿದು ಹೋಗ್ತೀವಿ. ತಡಿ."

ರ‍್ಯಾಮ್ ಪಟ್ಟಿಗಳನ್ನು ತೆಗೆದು ಮತ್ತೆ ಟಕ್ಕೆಂದು ಕೂರಿಸಿದಳು. ಕಪ್ಪು. ಪ್ರೊಸೆಸರಿನ ವಿದ್ಯುತ್ ತಂತಿ ನೋಡಿದಳು, ಭದ್ರವಾಗಿತ್ತು. ಕಾರ್ಡಿನದೂ ಭದ್ರ. ಉಳಿದದ್ದು ಪರದೆಯ ತಂತಿ. ಅದು ಪೆಟ್ಟಿಗೆಯ ಬೆನ್ನಿನಲ್ಲಿ, ಮೇಲುಗಡೆಯ ಕಿಂಡಿಯಲ್ಲಿ, ಚೂಟಿ ಸಿಕ್ಕಿಸಿದ ಕಡೆ ಗಟ್ಟಿಯಾಗಿಯೇ ಕೂತಿತ್ತು. ಕಾಜಕ್ಕ ಕೈ ಇಟ್ಟವಳು ಹಾಗೇ ನಿಂತಳು. ಮೇಲಿನ ಕಿಂಡಿ ಬೋರ್ಡಿನದು. ಬೋರ್ಡಿಗೆ ಚಿತ್ರ ಕೊಡಬೇಕಾದದ್ದು ಪ್ರೊಸೆಸರ್. ಸಾವಿರ ಉಳಿಯುತ್ತದೆಂದು ಅವಳೇ ಆರಿಸಿದ ಪ್ರೊಸೆಸರಿನಲ್ಲಿ ಚಿತ್ರವೇ ಇಲ್ಲ!

ತಂತಿಯನ್ನು ಕಿತ್ತು ಕೆಳಗಿನ ಕಿಂಡಿಗೆ, ಕಾರ್ಡಿನದಕ್ಕೆ, ಸಿಕ್ಕಿಸಿದಳು.

ಪರದೆ ಬೆಳಗಿತು. ಬಿಳಿ ಅಕ್ಷರಗಳು ಸಾಲುಗಟ್ಟಿ ಬಂದವು: ಪ್ರೊಸೆಸರಿನ ಹೆಸರು, ಹದಿನಾರು ಜಿಬಿ, ಎಲ್ಲವೂ ಅವಳ ಪುಸ್ತಕದಲ್ಲಿ ಬರೆದಿದ್ದ ಹಾಗೇ. ಚೂಟಿ ಕಿರುಚಿದ ಸದ್ದಿಗೆ ಮಹಡಿಯಿಂದ ಅವಳ ಅಮ್ಮ ಏನಾಯಿತೋ ಎಂದು ಓಡಿಬಂದಳು. ತಮ್ಮ ಪೇಪರು ಬಿಸಾಕಿ ಎದ್ದು ನಿಂತಿದ್ದ.

"ಅಕ್ಕಾ, ನೀನು..." ಎಂದ.

"ನಾನು ಏನು? ಕೂತ್ಕೋ. ನಿನ್ನ ಮೊದಲ ಸುತ್ತು ನನ್ನ ಜೊತೆ."

ಆಟ ಇಳಿಸಿಕೊಳ್ಳುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಯಾರಿಗೂ ಊಟದ ನೆನಪಿರಲಿಲ್ಲ. ಚಿತ್ರ ಎಲ್ಲೂ ಎಗರಲಿಲ್ಲ. ರಸ್ತೆ ಉರುಳೆಯಿಂದ ಬಿಚ್ಚಿದ ರೇಷ್ಮೆಯ ಹಾಗೆ ಕಾರಿನ ಕೆಳಗೆ ಹರಿಯಿತು. ಮೂವತ್ತು ವರ್ಷ ಸ್ಕೂಟರ್ ಓಡಿಸಿದ ತಮ್ಮ ಮೊದಲ ತಿರುವಿನಲ್ಲೇ ಹೊಂಡಕ್ಕೆ ಬಿದ್ದ. ಕಾಜಕ್ಕ ಅವನಿಗಿಂತ ಒಂದು ಸುತ್ತು ಮುಂದೆ ಮುಗಿಸಿದಳು. "ಇನ್ನೊಂದ್ಸಲ" ಎಂದ ಅವನು. ಸಂಜೆಯವರೆಗೂ ಇನ್ನೊಂದ್ಸಲ ಎನ್ನುತ್ತಲೇ ಇದ್ದ.

ಆ ಆನ್‌ಲೈನ್ ಗುಂಪಿನವರು ಶನಿವಾರ ಮಧ್ಯಾಹ್ನ ಪಂದ್ಯ ನಡೆಸುತ್ತಿದ್ದರು; ಇಪ್ಪತ್ತೆರಡು ಜನ, ಬೆಟ್ಟದ ದಾರಿ, ಹದಿನೈದು ಸುತ್ತು. ಕಾಜಕ್ಕ ಮೊದಲ ವಾರ ಇಪ್ಪತ್ತೊಂದನೆಯವಳಾದಳು. ಇಪ್ಪತ್ತೆರಡನೆಯವನ ಮನೆಯಲ್ಲಿ ಕರೆಂಟು ಹೋಗಿತ್ತು. ಎರಡನೆಯ ವಾರ ಹದಿನಾರು. ಆಮೇಲೆ ಒಂಬತ್ತು, ಮತ್ತೆ ಹನ್ನೆರಡು, ಆರು. ಅವಳಲ್ಲಿ ಉಳಿದವರಿಗಿಲ್ಲದ್ದು ಒಂದಿತ್ತು. ದಿನಕ್ಕೆ ನಾನ್ನೂರು ಕಾಜಾ ಹಾಕುವವರಿಗೆ ಒಂದೇ ಕೆಲಸವನ್ನು ಒಂದೇ ಹದದಲ್ಲಿ ಮತ್ತೆ ಮತ್ತೆ ಮಾಡುವುದು ಬೇಸರವಲ್ಲ. ಉಳಿದವರು ಹತ್ತನೆಯ ಸುತ್ತಿಗೆ ತಾಳ್ಮೆ ಕಳೆದುಕೊಂಡು ಜಾರುತ್ತಿದ್ದರು. ಅವಳ ಹದಿನೈದನೆಯ ಸುತ್ತೂ ಮೊದಲನೆಯದರಂತೆಯೇ ಇರುತ್ತಿತ್ತು.

ಹನ್ನೊಂದನೆಯ ಶನಿವಾರ ಕೊನೆಯ ಸುತ್ತಿಗೆ ಅವಳು ಎರಡನೆಯವಳಾಗಿದ್ದಳು. ಮುಂದಿದ್ದ ಕೆಂಪು ಕಾರು ಕಡೇ ತಿರುವಿಗೆ ಹೆಚ್ಚು ವೇಗದಲ್ಲಿ ನುಗ್ಗಿ ಹೊರಗೆ ಅಗಲವಾಗಿ ಹೋಯಿತು. ಒಳಗಡೆ ಒಂದು ಕಾರಿನಷ್ಟು ಜಾಗ ಬಿಚ್ಚಿಕೊಂಡಿತು. ಕಾಜಕ್ಕ ಸೂಜಿಯ ಕಣ್ಣಿಗೆ ದಾರ ತೂರಿಸಿದ ಹಾಗೆ ಅದರಲ್ಲಿ ತೂರಿ, ಗೆರೆ ದಾಟಿದಳು. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಇಪ್ಪತ್ತು ಗಂಟಲು ಒಟ್ಟಿಗೆ ಕೂಗಿದವು: "ಕಾಜಾ ಬ್ರೋ! ಏನ್ ಹೊಡೆದೆ ಗುರೂ!"

ಅವಳು ಆವರೆಗೆ ಮೈಕು ಹಾಕಿದವಳೇ ಅಲ್ಲ. ಅಂದು ಹಾಕಿದಳು.

"ಬ್ರೋ ಅಲ್ಲಪ್ಪಾ, ಅಕ್ಕ. ಐವತ್ತೆರಡು ವರ್ಷದ ಅಕ್ಕ."

ಆಮೇಲೆ ಎದ್ದ ಗದ್ದಲಕ್ಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಡಬೇಕಾಯಿತು, ಅಲ್ಲಿಂದಲೂ ಕೇಳಿಸುತ್ತಿತ್ತು.

ಈಗ ಕಾಜಕ್ಕನ ಮೆಟ್ಟಿಲು ಹತ್ತುವವರಲ್ಲಿ ಅರ್ಧ ಜನರ ಕೈಯಲ್ಲಿ ಶರ್ಟಿದ್ದರೆ ಇನ್ನರ್ಧ ಜನರ ಕೈಯಲ್ಲಿ ಚೀಟಿ. "ಅಕ್ಕಾ, ಇದು ಸರಿ ಇದ್ಯಾ ಒಮ್ಮೆ ನೋಡಿ." ಅವಳು ಸೀಮೆಸುಣ್ಣದ ತುಂಡಿನಿಂದ ಮೇಜಿನ ಮೇಲೇ ಬರೆದು ತೋರಿಸುತ್ತಾಳೆ: ಇದು ಬೇಡ, ಇದರ ಬದಲು ಇದು. ಓಣಿಯ ಕನ್ನಡಕದ ಯಜಮಾನ ಅನುಮಾನ ಬಂದಾಗ ಫೋನು ಮಾಡುತ್ತಾನೆ. ಇದುವರೆಗೆ ಒಂಬತ್ತು ಕಂಪ್ಯೂಟರ್ ಅವಳ ಕೈಯಿಂದ ಜೋಡಣೆಯಾಗಿವೆ. ಕೂಲಿಯನ್ನು ಕಾಜಾದ ಹಾಗೆ ಮೊದಲೇ ಹೇಳಿ ತೆಗೆದುಕೊಳ್ಳುತ್ತಾಳೆ.

ಆ ಕೂಲಿಯಲ್ಲಿ ಹೋದ ತಿಂಗಳು ಸ್ಟೀರಿಂಗ್ ಚಕ್ರವೂ ಪೆಡಲುಗಳೂ ಬಂದವು. ವೇಗದ ಪೆಡಲೂ ಬ್ರೇಕೂ ಬಲಗಾಲಿಗೆ ಎಟುಕುವಂತೆ ಮಾಡಿದಂಥವು. ಕಾಜಕ್ಕ ಎದುರು ಮನೆಯ ವೆಲ್ಡರನ್ನು ಕರೆಸಿ, ಎಡಗಾಲು ಎಲ್ಲಿ ಊರುತ್ತದೆ, ಮಂಡಿ ಎಷ್ಟು ಮಡಚುತ್ತದೆ ಎಂದು ಅಳತೆ ಕೊಟ್ಟಳು. ಅವನು ಪೆಡಲುಗಳನ್ನು ಎಡಕ್ಕೆ ಸರಿಸಿ ಕೂರಿಸುವ ಕಬ್ಬಿಣದ ಚೌಕಟ್ಟು ತಂದು ಮೇಜಿನಡಿ ಬಿಗಿದ. ಬೆಳಿಗ್ಗೆ ಹತ್ತರ ಬಿಸಿಲು ಕಿಟಕಿಯಿಂದ ಬೀಳುತ್ತಿತ್ತು. ಅವಳು ಚಪ್ಪಲಿ ಕಳಚಿ, ಎಡಗಾಲನ್ನು ಪೆಡಲಿನ ಮೇಲಿಟ್ಟು, ಎರಡೂ ಕೈಯಲ್ಲಿ ಚಕ್ರ ಹಿಡಿದು, ಪೂರ್ತಿ ತುಳಿದಳು.

"ಸರಿ ಹೋಯ್ತಾ ಅಕ್ಕಾ?" ಎಂದ ವೆಲ್ಡರ್.

ಅವಳು ಆಗಲೇ ಮೂರನೆಯ ತಿರುವಿನಲ್ಲಿದ್ದಳು.